ಕೊಲಾಜೆನ್ ಕಡಿಯುವ ಕಿಣ್ವಕ್ಕೆ ಪೆಪ್ಟೈಡ್ ಕಡಿವಾಣ

ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಕಳಚಿ ಬೀಳುವುದಿಲ್ಲ, ಇದ್ದಲ್ಲೇ ಕರಗಿಹೋಗುತ್ತದೆ. ಬಾಲದ ಚರ್ಮ, ಸ್ನಾಯು, ನರಗಳ ಜೊತೆಗೆ ಅವನ್ನೆಲ್ಲ ಹಿಡಿದಿಟ್ಟಿದ್ದ ಕೊಲಾಜೆನ್ ನಾರು ಕೂಡ ಕೆಲವೇ ದಿನಗಳಲ್ಲಿ ಇಲ್ಲವಾಗುತ್ತದೆ. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳ ಗಟ್ಟಿತನಕ್ಕೆ ಆಧಾರವಾಗಿರುವ ಈ ಪ್ರೋಟೀನು ಟ್ರಿಪ್ಸಿನ್‌ನಂಥ ಜೀರ್ಣಕಾರಿ ಕಿಣ್ವಗಳಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಅಂಥದ್ದು ಪ್ರಾಣಿಯ ದೇಹದೊಳಗೆ, ದೇಹದ ಸಹಜ ಸ್ಥಿತಿಯಲ್ಲೇ ಕರಗುವುದು ಹೇಗೆ? 1962ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ ಇದಕ್ಕೆ ಉತ್ತರ ಕಂಡುಕೊಂಡರು. ಅಂಗಾಂಶವನ್ನು ಅರೆದು, ಅದರ ರಸದಲ್ಲಿ ಕಿಣ್ವವನ್ನು ಹುಡುಕುವ ದಾರಿ ಫಲ ಕೊಟ್ಟಿರಲಿಲ್ಲ. ಇವರಿಬ್ಬರು ಬಾಲದ ಜೀವಂತ ತುಣುಕುಗಳನ್ನೇ ಕತ್ತರಿಸಿ, ತಟ್ಟೆಯಲ್ಲಿ ಹರಡಿದ್ದ ಮಸುಕು ಬಿಳಿಯ ಕೊಲಾಜೆನ್ ಜೆಲ್ ಮೇಲೆ ಇಟ್ಟರು. ಪ್ರತಿ ತುಣುಕಿನ ಸುತ್ತ ಜೆಲ್ ಕರಗಿ, ತಿಳಿಯಾದ ಒಂದು ಉಂಗುರ ಮೂಡಿತು. ಕಿಣ್ವ ಅಂಗಾಂಶದಲ್ಲಿ ಮೊದಲೇ ಶೇಖರವಾಗಿರಲಿಲ್ಲ. ಜೀವಕೋಶಗಳು ಬೇಕಾದಾಗ ತಯಾರಿಸಿ ಹೊರಕ್ಕೆ ಸುರಿಸುತ್ತಿದ್ದವು. ಅದಕ್ಕೇ ಸತ್ತ ಅಂಗಾಂಶದ ರಸದಲ್ಲಿ ಅದು ಕೈಗೆ ಸಿಕ್ಕಿರಲಿಲ್ಲ. ಈ ಒಂದು ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ಕಿಣ್ವಗಳ ವಿಷಯದಲ್ಲಿ ಮುಂದೆ ನಡೆದ ಬಹುಪಾಲು ಎಡವಟ್ಟುಗಳಿಗೆ ಕಾರಣ, ಅವು ಯಾವಾಗ ಮತ್ತು ಎಲ್ಲಿ ಹುಟ್ಟುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು.

ಕೊಲಾಜೆನ್ ಅಷ್ಟು ಗಟ್ಟಿಯಾಗಿರಲು ಕಾರಣ ಅದರ ರಚನೆ. ಅದನ್ನು ಮೊದಲು ಬಿಡಿಸಿದವರಲ್ಲಿ ನಮ್ಮವರೇ ಇದ್ದಾರೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ಕೊಲಾಜೆನ್ ಅಣುವಿನಲ್ಲಿ ಮೂರು ಸರಪಣಿಗಳಿವೆ ಎಂದು ತೋರಿಸಿದರು. ಮರುವರ್ಷ ಆ ಮಾದರಿಯನ್ನು ತಿದ್ದಿ, ಮೂರೂ ಸರಪಣಿಗಳು ಹಗ್ಗದ ಎಳೆಗಳಂತೆ ಒಂದಕ್ಕೊಂದು ಹುರಿಗೊಂಡಿರುತ್ತವೆ ಎಂದರು. ಇದೇ ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಹುರಿಯ ದಪ್ಪ ಸುಮಾರು 1.5 ನ್ಯಾನೋಮೀಟರ್. ಅದನ್ನು ಕಡಿಯುವ ಕಿಣ್ವದ ಸೀಳು ಸುಮಾರು 0.5 ನ್ಯಾನೋಮೀಟರ್ ಮಾತ್ರ, ಅಂದರೆ ಒಮ್ಮೆಗೆ ಒಂದೇ ಎಳೆ ಹಿಡಿಸುವಷ್ಟು. ಆದ್ದರಿಂದ ಕಿಣ್ವ ಮೊದಲು ಹುರಿಯನ್ನು ಒಂದು ಕಡೆ ಸಡಿಲಿಸಿ, ಆಮೇಲೆ ಎಳೆಗಳನ್ನು ಒಂದೊಂದಾಗಿ ಕಡಿಯಬೇಕು. ಒಂದು ಎಳೆಯಲ್ಲಿ ಸಾವಿರದಷ್ಟು ಅಮೈನೋ ಆಮ್ಲಗಳಿದ್ದರೂ ಅದು ಕಡಿಯುವುದು ನಿಗದಿತ ಒಂದೇ ಜಾಗದಲ್ಲಿ: ಮುಕ್ಕಾಲು ಭಾಗ ಒಂದು ಕಡೆ, ಕಾಲು ಭಾಗ ಇನ್ನೊಂದು ಕಡೆ. ಹೀಗೆ ತುಂಡಾದ ಮೇಲೆ ದೇಹದ ಶಾಖಕ್ಕೇ ಹುರಿ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ಅದನ್ನು ಚೂರು ಮಾಡಲು ಜೆಲಟಿನೇಸ್‌ಗಳೆಂಬ ಬೇರೆ ಕಿಣ್ವಗಳಿವೆ.

ಇಂಥ ಕಿಣ್ವಗಳ ಇಡೀ ಕುಟುಂಬಕ್ಕೆ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್, ಚಿಕ್ಕದಾಗಿ ಎಂಎಂಪಿ ಎಂದು ಹೆಸರು. ಮನುಷ್ಯರಲ್ಲಿ 23 ಬಗೆಯವು ಇವೆ. ಎಲ್ಲದರ ನಡುವೆಯೂ ಒಂದು ಸತುವಿನ ಅಯಾನು ಇರುತ್ತದೆ. ಮೂರು ಹಿಸ್ಟಿಡೀನ್‌ಗಳು ಅದನ್ನು ಹಿಡಿದಿರುತ್ತವೆ. ಆ ಸತುವಿಗೆ ಅಂಟಿದ ನೀರಿನ ಅಣುವೇ ಪ್ರೋಟೀನಿನ ಬಂಧವನ್ನು ಮುರಿಯುತ್ತದೆ. ಕಿಣ್ವ ಹುಟ್ಟುವಾಗ ಅದಕ್ಕೊಂದು ಬಾಲಂಗೋಚಿ ಇರುತ್ತದೆ. ಅದರಲ್ಲಿರುವ ಒಂದು ಸಿಸ್ಟೀನ್ ಹೋಗಿ ಸತುವಿಗೆ ಅಡ್ಡ ಕೂತು ಕಿಣ್ವವನ್ನು ಸುಮ್ಮನಿರಿಸುತ್ತದೆ. ಬಾಲಂಗೋಚಿ ಕಡಿದುಹೋದರೆ ಮಾತ್ರ ಕಿಣ್ವ ಚುರುಕಾಗುತ್ತದೆ. ಚುರುಕಾದ ಮೇಲೂ ಅದನ್ನು ಅಂಕೆಯಲ್ಲಿಡಲು ಟಿಂಪ್ ಎಂದು ಕರೆಯುವ ನಾಲ್ಕು ಬಗೆಯ ಪ್ರೋಟೀನುಗಳು ದೇಹದಲ್ಲೇ ಇವೆ. ಗಾಯ ಮಾಯುವುದು, ಮೂಳೆ ಬೆಳೆಯುವುದು, ಹೆರಿಗೆಯ ನಂತರ ಗರ್ಭಕೋಶ ಕುಗ್ಗುವುದು, ಇವೆಲ್ಲ ಈ ಕಿಣ್ವಗಳಿಂದಲೇ ಆಗುವ ಕೆಲಸ. ದೇಹ ಇವನ್ನು ಇಷ್ಟು ಹಂತಗಳಲ್ಲಿ ಕಟ್ಟಿಹಾಕಿರುವುದನ್ನು ನೋಡಿದರೇ ಇವು ಎಷ್ಟು ಅಪಾಯಕಾರಿ, ಎಷ್ಟು ಅಗತ್ಯ ಎರಡೂ ಗೊತ್ತಾಗುತ್ತದೆ.

ಕ್ಯಾನ್ಸರಿಗೂ ಈ ಕಿಣ್ವಗಳಿಗೂ ಇರುವ ನಂಟು ಸ್ಪಷ್ಟವಾದದ್ದು 1980ರಲ್ಲಿ. ಚರ್ಮದ, ಕರುಳಿನ, ಸ್ತನದ ಒಳಹಾಸಿನ ಜೀವಕೋಶಗಳ ಕೆಳಗೆ ತಳಪೊರೆ ಎಂಬ ತೆಳುವಾದ ಪದರವಿದೆ. ನಾಲ್ಕನೇ ಬಗೆಯ ಕೊಲಾಜೆನ್‌ನಿಂದ ನೇಯ್ದ ಈ ಪದರವನ್ನು ದಾಟದಿರುವ ತನಕ ಗಡ್ಡೆ ಇದ್ದಲ್ಲೇ ಇರುತ್ತದೆ, ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಬಹುದು. ದಾಟಿದರೆ ರಕ್ತ ಸೇರಿ, ಬೇರೆ ಅಂಗಗಳಲ್ಲಿ ಬೇರೂರಬಲ್ಲದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಲ್ಯಾನ್ಸ್ ಲಿಯೋಟಾ ಮತ್ತು ಸಂಗಡಿಗರು ಇಲಿಗಳ ಗಡ್ಡೆಗಳನ್ನು ಹೋಲಿಸಿ ನೋಡಿದಾಗ, ಹೆಚ್ಚು ಹರಡುವ ಗಡ್ಡೆಗಳೇ ಈ ಕೊಲಾಜೆನ್ ಅನ್ನು ಹೆಚ್ಚು ಕಡಿಯುತ್ತಿದ್ದವು. ಗಡ್ಡೆ ಬೆಳೆಯಲು ಹೊಸ ರಕ್ತನಾಳಗಳು ಬೇಕು ಎಂಬ ಜೂಡಾ ಫೋಕ್‌ಮನ್ ಅವರ 1971ರ ವಾದವೂ ಇಲ್ಲಿಗೇ ಬಂದು ಕೂಡಿತು: ನಾಳಗಳು ಚಿಗುರಬೇಕಾದರೂ ಮೊದಲು ಸುತ್ತಲಿನ ಮ್ಯಾಟ್ರಿಕ್ಸ್ ಅನ್ನು, ಅಂದರೆ ಕೋಶಗಳನ್ನು ಹಿಡಿದಿಡುವ ನಾರಿನ ಹಂದರವನ್ನು ಕಡಿಯಬೇಕು. ಹಾಗಾದರೆ ಕಿಣ್ವವನ್ನು ತಡೆದರೆ ಗಡ್ಡೆಯೂ ನಿಲ್ಲಬೇಕಲ್ಲವೇ? ಈ ತರ್ಕದಲ್ಲಿ ದೋಷ ಕಾಣುತ್ತಿರಲಿಲ್ಲ. 1980 ಮತ್ತು 90ರ ದಶಕಗಳಲ್ಲಿ ಔಷಧ ಕಂಪನಿಗಳು ಇದರ ಮೇಲೆ ಅಪಾರ ಹಣ ಹೂಡಿದವು.

ಅವರ ಮುಂದೆ ಒಂದು ಒಳ್ಳೆಯ ಮಾದರಿಯೂ ಇತ್ತು. ಬ್ರೆಜಿಲ್‌ನ ಜರರಾಕ ಹಾವಿನ ವಿಷದಲ್ಲಿದ್ದ ಪೆಪ್ಟೈಡುಗಳು, ಅಂದರೆ ಅಮೈನೋ ಆಮ್ಲಗಳ ಗಿಡ್ಡ ಸಾಲುಗಳು, ರಕ್ತದೊತ್ತಡ ಏರಿಸುವ ಒಂದು ಸತು ಕಿಣ್ವವನ್ನು ತಡೆಯುತ್ತಿದ್ದವು. ಅವುಗಳ ಆಕಾರ ನೋಡಿಕೊಂಡು ರಸಾಯನ ತಜ್ಞರು ಕ್ಯಾಪ್ಟೊಪ್ರಿಲ್ ಎಂಬ ಪುಟ್ಟ ಅಣುವನ್ನು ಕಟ್ಟಿದರು. 1981ರಲ್ಲಿ ಅದು ಮಾತ್ರೆಯಾಗಿ ಬಂತು, ಈಗಲೂ ಬಳಕೆಯಲ್ಲಿದೆ. ಎಂಎಂಪಿಗೂ ಇದೇ ಉಪಾಯ ಹೂಡಿದರು. ಕೊಲಾಜೆನ್ ಕಡಿಯುವ ಜಾಗದಲ್ಲಿರುವ ಅಮೈನೋ ಆಮ್ಲಗಳನ್ನು ಹೋಲುವ ಒಂದು ಗಿಡ್ಡ ತುಂಡು, ಅದರ ತುದಿಗೆ ಸತುವನ್ನು ಬಿಗಿಯಾಗಿ ಕಚ್ಚಿಕೊಳ್ಳುವ ಹೈಡ್ರಾಕ್ಸಮೇಟ್ ಗುಂಪು. ಇಂಗ್ಲೆಂಡಿನ ಆಕ್ಸ್‌ಫರ್ಡಿನ ಬ್ರಿಟಿಷ್ ಬಯೋಟೆಕ್ ಕಂಪನಿ ಹೀಗೆ ತಯಾರಿಸಿದ ಬ್ಯಾಟಿಮಸ್ಟಾಟ್ ನೀರಿನಲ್ಲಿ ಕರಗುತ್ತಿರಲಿಲ್ಲ. ಅದರ ತಮ್ಮನೆನ್ನಬಹುದಾದ ಮಾರಿಮಸ್ಟಾಟ್ ಅನ್ನು ಬಾಯಿಂದ ನುಂಗಬಹುದಿತ್ತು. ಇಲಿಗಳಲ್ಲಿ ಎರಡೂ ಚೆನ್ನಾಗಿ ಕೆಲಸ ಮಾಡಿದವು. ಮನುಷ್ಯರಲ್ಲಿ ಆದದ್ದೇ ಬೇರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 414 ಜನರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಜೆಮ್‌ಸಿಟಾಬಿನ್ ಎಂಬ ಕಿಮೊಥೆರಪಿ ಪಡೆದವರು ಬದುಕಿದ ಅವಧಿಯ ಮಧ್ಯಾಂಕ 167 ದಿನ. ಮಾರಿಮಸ್ಟಾಟ್‌ನ ಅತಿ ಹೆಚ್ಚಿನ ಡೋಸ್ ಪಡೆದವರದು 125 ದಿನ. ಬೇಯರ್ ಕಂಪನಿಯ ಟ್ಯಾನೊಮಸ್ಟಾಟ್‌ದು ಇನ್ನೂ ಕೆಟ್ಟ ಕಥೆ: ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರಿನಲ್ಲಿ ಔಷಧ ಪಡೆದವರ ಸ್ಥಿತಿ ಬರೀ ಹುಸಿಗುಳಿಗೆ ಪಡೆದವರಿಗಿಂತ ಹದಗೆಟ್ಟದ್ದರಿಂದ 1999ರಲ್ಲಿ ಅದರ ಪ್ರಯೋಗಗಳನ್ನೇ ನಿಲ್ಲಿಸಬೇಕಾಯಿತು. ಜೊತೆಗೆ ಮಾರಿಮಸ್ಟಾಟ್ ತೆಗೆದುಕೊಂಡವರಲ್ಲಿ ಅನೇಕರಿಗೆ ಭುಜ, ಕೈಗಳ ಕೀಲುಗಳು ಬಿಗಿದುಕೊಂಡು ನೋಯುತ್ತಿದ್ದವು. ಡೋಸ್ ಇಳಿಸದೆ ಗತಿಯಿರಲಿಲ್ಲ.

ಈ ಸೋಲನ್ನು ಎರಡು ರೀತಿ ಓದಬಹುದು. ಮೂಲ ಆಲೋಚನೆಯೇ ತಪ್ಪು, ಎಂಎಂಪಿಗಳಿಗೂ ಕ್ಯಾನ್ಸರಿಗೂ ಇರುವ ನಂಟು ಮೇಲುಮೇಲಿನದು ಎಂಬುದು ಒಂದು ಓದು. ಹಣ ಹೂಡಿದವರು ಹೆಚ್ಚಾಗಿ ಇದನ್ನೇ ನಂಬಿ ಹಿಂದೆ ಸರಿದರು. ಸೋತದ್ದು ಆಲೋಚನೆಯಲ್ಲ, ಎಲ್ಲ ಎಂಎಂಪಿಗಳನ್ನೂ ಇಡೀ ದೇಹದಲ್ಲಿ, ರೋಗ ಕೈಮೀರಿದ ಮೇಲೆ ತಡೆಯಲು ಹೋದ ಕ್ರಮ ಎಂಬುದು ಇನ್ನೊಂದು. ನಾನು ಎರಡನೆಯದರ ಪರ. ಅದಕ್ಕೆ ಆಧಾರಗಳಿವೆ. ಡಗ್ಲಸ್ ಹಾನಹಾನ್, ಫೋಕ್‌ಮನ್ ಮೊದಲಾದವರು 1999ರಲ್ಲಿ ಹಂತ ಹಂತವಾಗಿ ಗಡ್ಡೆ ಬೆಳೆಯುವ ಇಲಿಗಳಿಗೆ ಬ್ಯಾಟಿಮಸ್ಟಾಟ್ ಕೊಟ್ಟು ನೋಡಿದ್ದರು. ಆರಂಭದ ಹಂತದಲ್ಲಿ ಕೊಟ್ಟಾಗ ಗಡ್ಡೆಗಳು ಕಡಿಮೆಯಾದವು. ಬಲಿತ ಮೇಲೆ ಕೊಟ್ಟರೆ ಉಪಯೋಗವಿರಲಿಲ್ಲ. ಮನುಷ್ಯರ ಪ್ರಯೋಗಗಳಿಗೆ ಆಯ್ದದ್ದು ಬಹುತೇಕ ಬಲಿತ ರೋಗವಿದ್ದವರನ್ನೇ. ಇನ್ನು, ಎಲ್ಲ ಎಂಎಂಪಿಗಳೂ ಗಡ್ಡೆಯ ಪಕ್ಷದವಲ್ಲ. ಸ್ಪೇನಿನ ಕಾರ್ಲೋಸ್ ಲೋಪೆಸ್-ಒಟಿನ್ ಅವರ ತಂಡ 2003ರಲ್ಲಿ ಎಂಎಂಪಿ-8 ಇಲ್ಲದ ಇಲಿಗಳನ್ನು ಬೆಳೆಸಿದಾಗ ಗಂಡು ಇಲಿಗಳಲ್ಲಿ ಚರ್ಮದ ಗಡ್ಡೆಗಳು ಹೆಚ್ಚಾದವು. ಆ ಕಿಣ್ವ ಕಾಪಾಡುವ ಕೆಲಸ ಮಾಡುತ್ತಿತ್ತು. ಅದೇ ವರ್ಷ ಇನ್ನೊಂದು ತಂಡ, ಎಂಎಂಪಿ-9 ತಳಪೊರೆಯ ಕೊಲಾಜೆನ್ ಅನ್ನು ಕಡಿಯುವಾಗ ಟ್ಯೂಮ್‌ಸ್ಟಾಟಿನ್ ಎಂಬ ತುಣುಕು ಹೊರಬಂದು ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ತೋರಿಸಿತು. ನಾಳಗಳಿಗೆ ದಾರಿ ಮಾಡಿಕೊಡುವ ಕಿಣ್ವವೇ ನಾಳಗಳಿಗೆ ತಡೆಯನ್ನೂ ಹುಟ್ಟಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರೆ ಈ ತಡೆಯೂ ಹೋಗುತ್ತದೆ. ಮಾರಿಮಸ್ಟಾಟ್‌ನದೇ ಇನ್ನೊಂದು ಪ್ರಯೋಗ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಜಠರದ ಕ್ಯಾನ್ಸರಿನ 369 ರೋಗಿಗಳಲ್ಲಿ, ಎರಡು ವರ್ಷದ ಬಳಿಕ ಔಷಧ ಪಡೆದವರಲ್ಲಿ ಶೇ. 9ರಷ್ಟು, ಪಡೆಯದವರಲ್ಲಿ ಶೇ. 3ರಷ್ಟು ಮಂದಿ ಬದುಕಿದ್ದರು. ದೊಡ್ಡ ಗೆಲುವೇನಲ್ಲ ಇದು. ಆದರೆ ನಂಟೇ ಸುಳ್ಳು ಎನ್ನುವವರು ಇದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಬೇಕಾದ ಕಿಣ್ವವನ್ನಷ್ಟೇ ಹಿಡಿಯುವುದು ಏಕೆ ಕಷ್ಟವಾಯಿತು? 23 ಕಿಣ್ವಗಳಲ್ಲೂ ಸತುವಿನ ಸುತ್ತಲಿನ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಹೈಡ್ರಾಕ್ಸಮೇಟ್ ಸತುವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ ಉಳಿದ ಅಣು ಯಾವ ಆಕಾರದಲ್ಲಿದೆ ಎಂಬುದು ನಗಣ್ಯವಾಗಿಬಿಡುತ್ತದೆ. ಕಿಣ್ವಗಳ ನಡುವೆ ವ್ಯತ್ಯಾಸಗಳಿರುವುದು ಸತುವಿನಿಂದ ದೂರದ ಮೇಲ್ಮೈಯಲ್ಲಿ. ಅಲ್ಲಿಗೆ ಕೈ ಚಾಚಬೇಕಾದರೆ ಅಣು ದೊಡ್ಡದಿರಬೇಕು, ಹಲವು ಕಡೆ ತಾಗಬೇಕು. ಪೆಪ್ಟೈಡುಗಳ ಮಹತ್ವ ಇರುವುದು ಇಲ್ಲಿ. ಸಾಮಾನ್ಯ ಮಾತ್ರೆಯ ಅಣುವಿಗಿಂತ ಅವು ದೊಡ್ಡವು, ಪ್ರತಿಕಾಯಗಳಿಗಿಂತ ತುಂಬ ಚಿಕ್ಕವು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಎರ್ಕಿ ಕೊಯ್ವುನೆನ್ ಮತ್ತು ಸಂಗಡಿಗರು 1999ರಲ್ಲಿ ಮಾಡಿದ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಬಳಸಿದ ವಿಧಾನ ಫೇಜ್ ಡಿಸ್‌ಪ್ಲೇ; 1985ರಲ್ಲಿ ಜಾರ್ಜ್ ಸ್ಮಿತ್ ಕಂಡುಹಿಡಿದ ಈ ವಿಧಾನಕ್ಕೆ 2018ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ವೈರಸ್‌ಗಳ ಮೈಮೇಲೆ ಒಂದೊಂದು ಬಗೆಯ ಪೆಪ್ಟೈಡ್ ಮೂಡುವಂತೆ ಮಾಡುತ್ತಾರೆ. ಅಂಥ ಕೋಟಿಗಟ್ಟಲೆ ವೈರಸ್‌ಗಳನ್ನು ಎಂಎಂಪಿ-9 ಲೇಪಿಸಿದ ತಟ್ಟೆಗೆ ಸುರಿದು ತೊಳೆಯುತ್ತಾರೆ. ಅಂಟಿಕೊಂಡವನ್ನು ಬೆಳೆಸಿ, ಮತ್ತೆ ಸುರಿದು, ಮತ್ತೆ ತೊಳೆಯುತ್ತಾರೆ. ಕೊನೆಗೆ ಉಳಿದವುಗಳಲ್ಲಿ ಹಿಸ್ಟಿಡೀನ್, ಟ್ರಿಪ್ಟೊಫ್ಯಾನ್, ಗ್ಲೈಸೀನ್, ಫಿನೈಲ್‌ಅಲನೀನ್ ಎಂಬ ನಾಲ್ಕರ ಸಾಲು ಮತ್ತೆ ಮತ್ತೆ ಕಾಣಿಸಿತು. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಹತ್ತು ಅಮೈನೋ ಆಮ್ಲಗಳ ಒಂದು ಪೆಪ್ಟೈಡ್: ಸಿಸ್ಟೀನ್, ಎರಡು ಥ್ರಿಯೊನೀನ್, ನಡುವೆ ಆ ನಾಲ್ಕು, ಆಮೇಲೆ ಥ್ರಿಯೊನೀನ್, ಲ್ಯೂಸೀನ್, ಕೊನೆಯಲ್ಲಿ ಮತ್ತೆ ಸಿಸ್ಟೀನ್. ಎರಡು ತುದಿಯ ಸಿಸ್ಟೀನ್‌ಗಳ ಗಂಧಕಗಳು ಪರಸ್ಪರ ಬೆಸೆದುಕೊಂಡು ಇಡೀ ಸಾಲು ಉಂಗುರವಾಗುತ್ತದೆ. ಈ ಉಂಗುರ ಎಂಎಂಪಿ-2 ಮತ್ತು ಎಂಎಂಪಿ-9 ಎಂಬ ಎರಡು ಜೆಲಟಿನೇಸ್‌ಗಳನ್ನು ತಡೆಯಿತು, ಪರೀಕ್ಷಿಸಿದ ಬೇರೆ ಎಂಎಂಪಿಗಳನ್ನು ಮುಟ್ಟಲಿಲ್ಲ. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಂಠಿತವಾಯಿತು. ಈ ಪೆಪ್ಟೈಡ್ ಹೊತ್ತ ವೈರಸ್‌ಗಳನ್ನು ರಕ್ತಕ್ಕೆ ಬಿಟ್ಟಾಗ ಅವು ಗಡ್ಡೆಯ ರಕ್ತನಾಳಗಳಲ್ಲಿ ಹೋಗಿ ನೆಲೆನಿಂತವು. ತಡೆಯುವ ಶಕ್ತಿಯಷ್ಟೇ ಅಲ್ಲದೆ ವಿಳಾಸ ಹುಡುಕುವ ಶಕ್ತಿಯೂ ಅದಕ್ಕಿತ್ತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯ ಫಲಿತಾಂಶ ಇದು.

ನಿಸರ್ಗದಲ್ಲೂ ಇಂಥ ಪೆಪ್ಟೈಡುಗಳಿವೆ. ಆಲ್ಜೈಮರ್ ರೋಗದ ಚರ್ಚೆಯಲ್ಲಿ ಹೆಸರು ಕೇಳಿಬರುವ ಅಮೈಲಾಯ್ಡ್ ಪೂರ್ವಗಾಮಿ ಪ್ರೋಟೀನಿನ ಒಂದು ಭಾಗದಲ್ಲಿ, ಹತ್ತೇ ಅಮೈನೋ ಆಮ್ಲಗಳ ಸಾಲೊಂದು ಎಂಎಂಪಿ-2 ಅನ್ನು ಆಯ್ದು ತಡೆಯುತ್ತದೆ ಎಂದು ಜಪಾನಿನ ಸಂಶೋಧಕರು 2003ರಲ್ಲಿ ಕಂಡುಕೊಂಡರು. ಉತ್ತರ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ಮರುಭೂಮಿಯ ಒಂದು ಹಳದಿ ಚೇಳಿನ ವಿಷದಲ್ಲಿ 36 ಅಮೈನೋ ಆಮ್ಲಗಳ ಕ್ಲೋರೊಟಾಕ್ಸಿನ್ ಇದೆ. ಮಿದುಳಿನ ಗ್ಲಯೋಮಾ ಗಡ್ಡೆಗೆ ಅದು ಅಂಟಿಕೊಳ್ಳುತ್ತದೆ, ಅಲ್ಲಿ ಎಂಎಂಪಿ-2ರ ಜೊತೆ ವ್ಯವಹರಿಸುತ್ತದೆ ಎಂದೂ ಅದೇ ವರ್ಷ ವರದಿಯಾಯಿತು. ಅದರ ನಿಜವಾದ ಗುರಿ ಯಾವುದು ಎಂಬ ಬಗ್ಗೆ ಆಮೇಲೆ ಭಿನ್ನಾಭಿಪ್ರಾಯಗಳು ಎದ್ದಿವೆಯಾದರೂ ಗಡ್ಡೆಯನ್ನು ಗುರುತಿಸುವ ಅದರ ಗುಣವನ್ನು ಶಸ್ತ್ರಚಿಕಿತ್ಸಕರಿಗೆ ನೆರವಾಗುವ ಹೊಳೆಯುವ ಬಣ್ಣಗಳಲ್ಲಿ ಬಳಸಿ ನೋಡಲಾಗಿದೆ.

ಈಗ ಆಕ್ಷೇಪಣೆಗಳಿಗೆ ಬರೋಣ. ಪೆಪ್ಟೈಡ್ ಎಂದರೆ ಪ್ರೋಟೀನಿನ ಚೂರು. ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ, ರಕ್ತಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಚೂರಾಗುತ್ತದೆ ಇಲ್ಲವೇ ಮೂತ್ರಪಿಂಡದಲ್ಲಿ ಸೋರಿಹೋಗುತ್ತದೆ, ಇದೆಂಥ ಔಷಧ ಎಂದು ಕೇಳುವವರಿದ್ದಾರೆ. ಬರಿಯ ಪೆಪ್ಟೈಡಿನ ಮಟ್ಟಿಗೆ ಈ ಮಾತು ನಿಜ. ಆದರೆ ಇದು ಪರಿಹಾರವಿಲ್ಲದ ತೊಂದರೆಯಲ್ಲ. ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನು ರಕ್ತದಲ್ಲಿ ಎರಡು ಮೂರು ನಿಮಿಷ ಉಳಿದರೆ ಹೆಚ್ಚು. ಅದರ ಮುಖ್ಯ ಭಾಗವನ್ನು ಎಂಟು ಅಮೈನೋ ಆಮ್ಲಗಳ ಉಂಗುರಕ್ಕಿಳಿಸಿ, ಕೆಲವು ಕಡೆ ಕಿಣ್ವಗಳಿಗೆ ಗುರುತು ಸಿಗದ ಬಲ-ಎಡ ತಿರುವಿದ ಅಮೈನೋ ಆಮ್ಲಗಳನ್ನು ಸೇರಿಸಿದಾಗ ಆಕ್ಟ್ರಿಯೊಟೈಡ್ ಸಿಕ್ಕಿತು. ಅದರ ಅರ್ಧಾಯು ಸುಮಾರು ಒಂದೂವರೆ ಗಂಟೆ. ಅದೇ ಬಗೆಯ ಪೆಪ್ಟೈಡಿಗೆ ವಿಕಿರಣ ಸೂಸುವ ಲುಟೀಷಿಯಂ ಕಟ್ಟಿದ ಔಷಧಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು, ಒಂದು ವರ್ಗದ ಕರುಳು ಮತ್ತು ಮೇದೋಜೀರಕ ಗಡ್ಡೆಗಳಿಗಾಗಿ. ಬೇಗ ಸೋರಿಹೋಗುವ ಗುಣವೂ ಇಲ್ಲಿ ಅನುಕೂಲಕ್ಕೇ ಬರುತ್ತದೆ: ಗಡ್ಡೆಗೆ ಅಂಟಿದ್ದು ಉಳಿಯುತ್ತದೆ, ಅಂಟದ್ದು ದೇಹದಿಂದ ಹೊರಟುಹೋಗುತ್ತದೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ತೂಕದ್ದು. ಬೇಕಾದ ಕಿಣ್ವವನ್ನಷ್ಟೇ ಹಿಡಿದರೆ ಸಾಕು ಎನ್ನುತ್ತೀರಿ, ಅದನ್ನೂ ಮಾಡಿ ನೋಡಿದ್ದಾಯಿತಲ್ಲ? ಹೌದು, ಆಗಿದೆ. ಗಿಲಿಯಡ್ ಕಂಪನಿಯ ಆಂಡೆಕ್ಯಾಲಿಕ್ಸಿಮ್ಯಾಬ್ ಎಂಬ ಪ್ರತಿಕಾಯ ಎಂಎಂಪಿ-9 ಒಂದನ್ನೇ ತಡೆಯುತ್ತಿತ್ತು. ಬಲಿತ ಜಠರ ಕ್ಯಾನ್ಸರಿನ 432 ರೋಗಿಗಳಲ್ಲಿ ಕಿಮೊಥೆರಪಿಯ ಜೊತೆ ಅದನ್ನು ಕೊಟ್ಟಾಗ ಬದುಕಿನ ಅವಧಿ ಗಮನಾರ್ಹವಾಗಿ ಹೆಚ್ಚಲಿಲ್ಲ. ಮತ್ತೆ ಬಲಿತ ರೋಗವನ್ನೇ ಆಯ್ದರು ಎಂದು ನಾನು ಹೇಳಬಹುದು, ಅದರಲ್ಲಿ ಸತ್ಯಾಂಶವೂ ಇದೆ. ಆದರೂ ಈ ಫಲಿತಾಂಶದ ಮುಂದೆ ನನ್ನ ವಾದ ಒಂದು ಹೆಜ್ಜೆ ಹಿಂದೆ ಸರಿಯಲೇಬೇಕು: ಬಲಿತ ಗಡ್ಡೆಯಲ್ಲಿ ಒಂದು ಕಿಣ್ವವನ್ನು ಎಷ್ಟೇ ಚೊಕ್ಕವಾಗಿ ತಡೆದರೂ ಅದೊಂದೇ ಚಿಕಿತ್ಸೆಯಾಗುವುದಿಲ್ಲ. ಇದಕ್ಕೆ ಜೀವಕೋಶದ ಮಟ್ಟದಲ್ಲೇ ಕಾರಣ ಸಿಗುತ್ತದೆ. ಪೀಟರ್ ಫ್ರೀಡ್ಲ್ ಅವರ ತಂಡ 2003ರಲ್ಲಿ ಕೊಲಾಜೆನ್ ಜೆಲ್‌ನಲ್ಲಿ ಸಾಗುತ್ತಿದ್ದ ಕ್ಯಾನ್ಸರ್ ಕೋಶಗಳ ಕಿಣ್ವಗಳನ್ನೆಲ್ಲ ತಡೆದಾಗ ಅವು ನಿಲ್ಲಲಿಲ್ಲ. ಉದ್ದ ಆಕಾರ ಬಿಟ್ಟು ದುಂಡಗಾಗಿ, ಅಮೀಬಾದ ಹಾಗೆ ಮೈ ಹಿಂಡಿಕೊಂಡು ನಾರುಗಳ ಸಂದಿಯಲ್ಲಿ ನುಸುಳಿದವು. ಹಾಗಾದರೆ ಕಿಣ್ವಗಳನ್ನು ತಡೆದು ಏನು ಬಂತು? ಇದಕ್ಕೆ ಅದೇ ತಂಡ 2013ರಲ್ಲಿ ಉತ್ತರ ಕೊಟ್ಟಿತು. ಜೀವಕೋಶದ ಮೈ ಹಿಂಡಬಹುದು, ಒಳಗಿನ ಕೋಶಕೇಂದ್ರವನ್ನು ಒಂದು ಮಿತಿಯಾಚೆ ಹಿಂಡಲಾಗದು. ಸಂದಿಗಳ ಅಡ್ಡಕೊಯ್ತದ ವಿಸ್ತೀರ್ಣ ಕೋಶಕೇಂದ್ರದ ಅಡ್ಡಕೊಯ್ತದ ಹತ್ತರಲ್ಲೊಂದು ಪಾಲಿಗಿಂತ, ಅಂದರೆ ಗಡ್ಡೆಯ ಕೋಶಕ್ಕೆ ಸುಮಾರು 7 ಚದರ ಮೈಕ್ರಾನ್‌ಗಿಂತ ಕಿರಿದಾದರೆ, ಕಿಣ್ವದ ನೆರವಿಲ್ಲದ ಕೋಶ ಅಲ್ಲೇ ಸಿಕ್ಕಿಬೀಳುತ್ತದೆ. ಸಡಿಲ ಅಂಗಾಂಶದಲ್ಲಿ ಎಂಎಂಪಿ ತಡೆದು ಪ್ರಯೋಜನ ಕಡಿಮೆ. ಒತ್ತಾಗಿ ನೇಯ್ದ ಅಂಗಾಂಶದಲ್ಲಿ ಪ್ರಯೋಜನ ಉಂಟು. ಯಾರಿಗೆ, ಯಾವ ಗಡ್ಡೆಗೆ ಎಂಬುದನ್ನು ಕೇಳದೆ ಕೊಟ್ಟ ಔಷಧ ಸರಾಸರಿಯಲ್ಲಿ ಸೋತದ್ದು ಆಶ್ಚರ್ಯವೇನಲ್ಲ.

ಹಾಗಾಗಿ ಪೆಪ್ಟೈಡುಗಳ ನಿಜವಾದ ಬೆಲೆ ಕಿಣ್ವವನ್ನು ತಡೆಯುವುದಕ್ಕಿಂತ ಹೆಚ್ಚಾಗಿ, ಕಿಣ್ವ ಇರುವ ಜಾಗವನ್ನು ಹುಡುಕುವುದರಲ್ಲಿದೆ ಎಂದು ನನಗನ್ನಿಸುತ್ತದೆ. ಕ್ಯಾಲಿಫೋರ್ನಿಯಾದ ರೋಜರ್ ಚಿಯೆನ್, ಹಸಿರು ಹೊಳೆಯುವ ಪ್ರೋಟೀನಿಗಾಗಿ 2008ರಲ್ಲಿ ನೊಬೆಲ್ ಹಂಚಿಕೊಂಡವರು, 2004ರಲ್ಲಿ ಇದನ್ನೇ ಮಾಡಿದರು. ಧನ ವಿದ್ಯುದಂಶ ತುಂಬಿದ ಆರ್ಜಿನೀನ್‌ಗಳ ಸಾಲು ಯಾವ ಜೀವಕೋಶದೊಳಕ್ಕೂ ನುಗ್ಗಬಲ್ಲದು. ಅದಕ್ಕೆ ಋಣ ವಿದ್ಯುದಂಶದ ಇನ್ನೊಂದು ಸಾಲನ್ನು ಎದುರುಬದುರಾಗಿ ಕಟ್ಟಿದರೆ ನುಗ್ಗುವ ಶಕ್ತಿ ಅಡಗುತ್ತದೆ. ಎರಡನ್ನೂ ಜೋಡಿಸುವ ಕೊಂಡಿಯಾಗಿ ಎಂಎಂಪಿ-2 ಮತ್ತು 9 ಕಡಿಯುವ ಆರು ಅಮೈನೋ ಆಮ್ಲಗಳನ್ನು ಇಟ್ಟರು. ಆರೋಗ್ಯವಂತ ಅಂಗಾಂಶದಲ್ಲಿ ಕೊಂಡಿ ಹಾಗೇ ಇರುತ್ತದೆ. ಗಡ್ಡೆಯ ಬಳಿ ಕಿಣ್ವವೇ ಅದನ್ನು ಕಡಿದು, ಬಣ್ಣವನ್ನೋ ಔಷಧವನ್ನೋ ಹೊತ್ತ ತುಂಡನ್ನು ಅಲ್ಲೇ ಬಿಡುಗಡೆ ಮಾಡುತ್ತದೆ. ಮಾರಿಮಸ್ಟಾಟ್‌ನ ಲೆಕ್ಕದಲ್ಲಿ ಕಿಣ್ವ ಹೆಚ್ಚಿದ್ದಷ್ಟೂ ಕೆಲಸ ಕಷ್ಟ. ಇಲ್ಲಿ ಕಿಣ್ವ ಹೆಚ್ಚಿದ್ದಷ್ಟೂ ಔಷಧ ಹೆಚ್ಚು ಸೇರುತ್ತದೆ. ಗಡ್ಡೆ ಕಿಣ್ವ ಸುರಿಸುವುದನ್ನು ಬಿಟ್ಟು ಬೇರೆ ದಾರಿ ಹಿಡಿದರೂ ಹಾನಿಯೇನಿಲ್ಲ. ಔಷಧ ಸೇರುವುದು ಕಡಿಮೆಯಾದೀತು, ಕೀಲು ಬಿಗಿಯುವಂಥ ಉಪದ್ರವ ಬಾರದು. ಹಾಗೆಂದು ಎಲ್ಲವೂ ಸಲೀಸಲ್ಲ. ಮಾಯುತ್ತಿರುವ ಗಾಯದಲ್ಲಿ, ಉರಿಯೂತವಿರುವ ಕೀಲಿನಲ್ಲಿ ಇದೇ ಕಿಣ್ವಗಳಿರುವುದರಿಂದ ಅಲ್ಲೂ ಕೊಂಡಿ ಕಡಿದುಹೋಗಬಹುದು. ಅದಕ್ಕೇ ಇಂಥ ಅಣುಗಳಿಗೆ ಒಂದೇ ಗುರುತಿನ ಬದಲು ಎರಡು ಗುರುತುಗಳನ್ನು ಕೊಡುವ ದಿಕ್ಕಿನಲ್ಲಿ ಕೆಲಸ ಸಾಗುವುದು ಸರಿ ಎಂದು ನನ್ನ ಅಭಿಪ್ರಾಯ.

ಎಂಎಂಪಿ ತಡೆಯುವುದಕ್ಕೆಂದೇ ಎಫ್‌ಡಿಎ ಒಪ್ಪಿಗೆ ಪಡೆದ ಔಷಧ ಇದ್ದರೆ ಅದು 1998ರಲ್ಲಿ ಬಂದ, ವಸಡಿನ ಕಾಯಿಲೆಗೆ ಕೊಡುವ 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ. ಬ್ಯಾಕ್ಟೀರಿಯಾ ಕೊಲ್ಲಲೂ ಸಾಲದಷ್ಟು ಚಿಕ್ಕ ಡೋಸ್ ಅದು. ಕ್ಯಾನ್ಸರಿಗೆ ಅನುಮತಿ ಪಡೆದ ಎಂಎಂಪಿ ಪ್ರತಿಬಂಧಕ ಪೆಪ್ಟೈಡ್ ಒಂದೂ ಇಲ್ಲ. ಆದ್ದರಿಂದ ಚೇಳಿನ ವಿಷದ್ದೆಂದೋ ಪೆಪ್ಟೈಡಿನದೆಂದೋ ಹೇಳಿ ಕ್ಯಾನ್ಸರ್ ವಾಸಿಮಾಡುವ ಔಷಧ ಮಾರುವವರು ನಿಮ್ಮ ಮನೆಯ ರೋಗಿಯನ್ನು ಹುಡುಕಿಕೊಂಡು ಬಂದರೆ ದಯವಿಟ್ಟು ನಂಬಬೇಡಿ, ಅವರ ಮಾತು ಕೇಳಿ ಶಸ್ತ್ರಚಿಕಿತ್ಸೆಯನ್ನಾಗಲಿ ಕಿಮೊಥೆರಪಿಯನ್ನಾಗಲಿ ಮುಂದೂಡಬೇಡಿ. ಗಡ್ಡೆ ತಳಪೊರೆ ದಾಟುವ ಮುಂಚೆ ಪತ್ತೆಯಾದರೆ ಇವತ್ತಿಗೂ ಅತ್ಯುತ್ತಮ ಚಿಕಿತ್ಸೆ ಅದನ್ನು ಕತ್ತರಿಸಿ ತೆಗೆಯುವುದೇ.